ಕಾಲು ಮೀಟರ್ ಜಾಸ್ತಿ ತನ್ನಿ

ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಹರಾಜಿನ ಗದ್ದಲ ಇಳಿಯುವ ಹೊತ್ತಿಗೆ, ಊರೊಳಗಿನ ಯಾವುದೋ ಅಡ್ಡರಸ್ತೆಯಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಇನ್ನೊಂದು ಚೌಕಾಸಿ ಶುರುವಾಗಿರುತ್ತದೆ. ಮಾರುಕಟ್ಟೆಗೆ ಬರುವ ಒಳ್ಳೆಯ ದ್ವಿತಳಿ ಗೂಡೊಂದನ್ನು ಬಿಚ್ಚಿದರೆ ಸಾವಿರ ಮೀಟರಿನ ಆಸುಪಾಸು ಎಳೆ ಸಿಗುತ್ತದೆ. ಮೆಟ್ಟಿಲ ಕೆಳಗಿನ ಜಗಳ ಕಾಲು ಮೀಟರಿನದು.

“ಎಷ್ಟು ತಂದಿದೀರಾ?”

“ಒಂದೂಮುಕ್ಕಾಲು ಮೀಟರ್. ಅಂಗಡಿಯವ್ರೇ ಸಾಕು ಅಂದ್ರು.”

“ಪ್ಲೇನ್ ಆಗಿದ್ರೆ ಸಾಕಿತ್ತು. ಇದು ಚೆಕ್ಸು.”

“ಚೆಕ್ಸಾದ್ರೇನಕ್ಕ, ಬಟ್ಟೆ ಬಟ್ಟೇನೇ ಅಲ್ವಾ?”

ಈ ಕೊನೆಯ ಮಾತನ್ನು ಆಡಬಾರದಿತ್ತು. ಅಕ್ಕ ಕತ್ತರಿ ಕೆಳಗಿಡುತ್ತಾಳೆ. ಮಿಷಿನ್ನಿನ ಮೋಟಾರು ಆಫ್ ಮಾಡುತ್ತಾಳೆ. ಇನ್ನು ಹತ್ತು ನಿಮಿಷ ಪಾಠ.

ಈಕೆಗೆ ಹೆತ್ತವರಿಟ್ಟ ಹೆಸರೊಂದು ಇದ್ದೇ ಇದೆ. ಅದು ಆಧಾರ್ ಕಾರ್ಡಿನಲ್ಲಿ ಭದ್ರವಾಗಿದೆ. ರಾಮನಗರದಲ್ಲಿ ಟೈಲರಕ್ಕ, ಚನ್ನಪಟ್ಟಣದ ಕೆಲವು ಬೀದಿಗಳಲ್ಲಿ ಆಪಾ, ಕನಕಪುರದಲ್ಲಿ ಮಿಷಿನ್ ಅಕ್ಕ, ಮಾಗಡಿಯಲ್ಲಿ ಓದಿದ ಹುಡುಗಿಯರ ಬಾಯಲ್ಲಿ ಆಂಟಿ. ಬಾಗಿಲಿಗೆ ತೂಗುಹಾಕಿದ ತಗಡಿನ ಮೇಲೆ ‘ಲೇಡೀಸ್ ಟೈಲರ್, ಫಾಲ್, ಜಿಗ್‌ಜಾಗ್, ಕುಚ್ಚು ಹಾಕಿಕೊಡಲಾಗುವುದು’ ಎಂದು ಬರೆದಿರುತ್ತದೆ. ಗೋಡೆಯ ಮೊಳೆಗಳಲ್ಲಿ ಹತ್ತಾರು ಕ್ಯಾರಿಬ್ಯಾಗು. ಪ್ರತಿ ಬ್ಯಾಗಿನೊಳಗೂ ಬಟ್ಟೆಯ ಜೊತೆ ಒಂದು ಅಳತೆ ಬ್ಲೌಸು ಉಸಿರು ಬಿಗಿಹಿಡಿದು ಕೂತಿರುತ್ತದೆ. ಪ್ಲೇನ್ ಬಟ್ಟೆ ತಂದವರಿಗೆ ಈಕೆ ಎಲ್ಲ ಟೈಲರುಗಳಂತೆಯೇ. ‘ನಾಳೆ ಬನ್ನಿ’ ಅನ್ನುತ್ತಾಳೆ, ನಾಳೆ ಹೋದರೆ ‘ಕಾಜಾ ಒಂದು ಬಾಕಿ’ ಅನ್ನುತ್ತಾಳೆ. ಚೌಕುಳಿ ಬಟ್ಟೆ ಕಂಡಾಗ ಮಾತ್ರ ಆಕೆಯ ಮೈಮೇಲೆ ಬೇರೆ ಯಾರೋ ಬರುತ್ತಾರೆ.

ಪಾಠ ಇಷ್ಟು. ಬಟ್ಟೆಯನ್ನು ಮೇಜಿನ ಮೇಲೆ ಹರಡಿ ಒಂದು ಕೆಂಪು ಗೆರೆಯ ಮೇಲೆ ಬೆರಳಿಡುತ್ತಾಳೆ. ಅದೇ ಕೆಂಪು ಗೆರೆ ಮತ್ತೆ ಬರುವುದು ನಾಲ್ಕು ಇಂಚಿನಾಚೆ. ಮುಂಭಾಗದ ತುಂಡು ಈ ಗೆರೆಯಿಂದ ಶುರುವಾದರೆ ಹಿಂಭಾಗದ್ದೂ ಇದೇ ಗೆರೆಯಿಂದ ಶುರುವಾಗಬೇಕು. ಇಲ್ಲದಿದ್ದರೆ ಪಕ್ಕದ ಹೊಲಿಗೆಯಲ್ಲಿ ಗೆರೆ ಗೆರೆಗೆ ಕೂಡದೆ, ತೊಟ್ಟ ಮಗು ಇಬ್ಬರು ಬೇರೆ ಮಕ್ಕಳನ್ನು ಅಂಟಿಸಿದ ಹಾಗೆ ಕಾಣುತ್ತದೆ. ಹಾಗಾಗಿ ಒಂದೊಂದು ತುಂಡು ಕತ್ತರಿಸುವಾಗಲೂ ಪೇಪರ್ ಅಳತೆಯನ್ನು ಸರಿಸುತ್ತಾ ಹೋಗಬೇಕು. ಒಂದೊಂದು ಸಲ ಸರಿಸಿದಾಗಲೂ ಸುಮಾರು ಎರಡು ಇಂಚು ದಂಡ. ಮುಂದೆ, ಹಿಂದೆ, ಎರಡು ತೋಳು, ಸೊಂಟದ ಪಟ್ಟಿ ಎಲ್ಲ ಸೇರಿಸಿದರೆ ಎಷ್ಟಾಯ್ತು? “ಅದೇ ನಾನು ಹೇಳ್ತಿರೋ ಕಾಲು ಮೀಟರ್.” ‘ಶೋಲೆ’ಯ ಗಬ್ಬರ್ ಸಿಂಗ್ ಸಹಚರರಿಂದ ಲೆಕ್ಕ ಕೇಳಿದ್ದು ಇದೇ ಊರಿನ ಬಂಡೆಗಳ ನಡುವೆ. ಅವನಿಗಾದರೂ ಒಂದೆರಡು ಪ್ರಶ್ನೆಯಲ್ಲಿ ಮುಗಿದಿತ್ತು.

ಈ ಬಟ್ಟೆಯ ವಿಷಯದಲ್ಲಿ ಅಕ್ಕನದು ಹಟವೇ ಅನ್ನಿಸಿದರೂ ಕಾರಣ ಗಟ್ಟಿಯಾಗಿದೆ. ಹೂವಿನ ಪ್ರಿಂಟು ಟೈಲರಿನ ತಪ್ಪನ್ನು ಮುಚ್ಚಿಹಾಕುತ್ತದೆ, ಪ್ಲೇನ್ ಬಟ್ಟೆಯನ್ನು ಇಸ್ತ್ರಿ ಉಳಿಸುತ್ತದೆ. ಚೌಕುಳಿ ಬಟ್ಟೆ ಚಾಡಿಕೋರ. ಅರ್ಧ ಇಂಚು ತಪ್ಪಿದರೂ ಬಸ್ ಸ್ಟ್ಯಾಂಡಿನ ಆಚೆ ದಡದಲ್ಲಿ ನಿಂತವರಿಗೆ ಹೇಳಿಬಿಡುತ್ತದೆ. ಅದಕ್ಕೇ ಎಷ್ಟೋ ಟೈಲರುಗಳು ಚೆಕ್ಸ್ ಕಂಡರೆ ‘ಕೈ ತುಂಬ ಕೆಲಸ ಐತೆ’ ಎಂದು ವಾಪಸ್ ಕಳಿಸುತ್ತಾರೆ. ಈಕೆ ಕಳಿಸುವುದಿಲ್ಲ, ಬೈದು ಇಟ್ಟುಕೊಳ್ಳುತ್ತಾಳೆ.

ಬಸ್ಸಿನಲ್ಲಿ ಈಕೆಯ ಮುಂದೆ ಕೂರುವುದೂ ಅಪಾಯವೇ. ಮಾಗಡಿಯಿಂದ ರಾಮನಗರಕ್ಕೆ ಬರುವಷ್ಟರಲ್ಲಿ ಮುಂದಿನ ಸೀಟಿನ ಹುಡುಗಿಯ ಕುರ್ತಿಯ ಬೆನ್ನನ್ನು ಪೂರ್ತಿ ಓದಿ ಮುಗಿಸಿರುತ್ತಾಳೆ: ಜಿಪ್ಪಿನ ಎಡಕ್ಕೆ ನೀಲಿ ಗೆರೆ, ಬಲಕ್ಕೆ ಹಳದಿ, ರೆಡಿಮೇಡು, ರಾಶಿ ಹಾಕಿ ಒಟ್ಟಿಗೆ ಕತ್ತರಿಸಿದ್ದು. ಹುಡುಗಿ ಇಳಿಯುವಾಗ ‘ಪಾಪ’ ಎಂಬಂತೆ ನೋಡುತ್ತಾಳೆ. ಹುಡುಗಿಗೆ ಯಾಕೆಂದು ಗೊತ್ತಾಗುವುದಿಲ್ಲ.

ಆರಿಸುವ ವಿಷಯದಲ್ಲೂ ಅಕ್ಕನ ಶಾಸನಗಳಿವೆ. ಎಂಟು ವರ್ಷದ ಮಗುವಿಗೆ ಅಂಗೈಯಗಲದ ಚೌಕ ತರಬಾರದು, ಎದೆಯ ಮೇಲೆ ಚೌಕ ಚೆನ್ನಾಗಿ ಕೂರುವುದಿಲ್ಲ. ಮೈಕೈ ತುಂಬಿಕೊಂಡವರು ದೊಡ್ಡ ಚೌಕ ತಂದರೆ ಬಾಯಿಬಿಟ್ಟು ಏನೂ ಅನ್ನುವುದಿಲ್ಲ; “ಇದೇ ಬಣ್ಣದಲ್ಲಿ ಸಣ್ಣದು ಇರಲಿಲ್ವಾ?” ಎಂದಷ್ಟೇ ಕೇಳುತ್ತಾಳೆ. ಹತ್ತಿ ಬಟ್ಟೆಯಾದರೆ ರಾತ್ರಿ ನೀರಲ್ಲಿ ನೆನೆಸಿ, ನೆರಳಲ್ಲಿ ಒಣಗಿಸಿ ತರಬೇಕು. ಹೊಲಿದ ಮೇಲೆ ಕುಗ್ಗಿದರೆ ಗೆರೆಗಳೂ ಜೊತೆಗೇ ಸೊಟ್ಟಗಾಗುತ್ತವೆ. ಜೇಬನ್ನು ಬೇಕೆಂದೇ ಓರೆಗೆ ಕತ್ತರಿಸುತ್ತಾಳೆ. ಡಿಸೈನು ಅಂದುಕೊಂಡು ಗಿರಾಕಿಗಳು ಖುಷಿಪಡುತ್ತಾರೆ. ಓರೆ ಜೇಬಿಗೆ ಗೆರೆ ಕೂಡಿಸುವ ತಾಪತ್ರಯವಿಲ್ಲ ಎಂಬ ಗುಟ್ಟು ಅಕ್ಕನಿಗೂ ಕತ್ತರಿಗೂ ಮಾತ್ರ ಗೊತ್ತು. ಚೌಕುಳಿ ಬ್ಲೌಸಿಗೆ ಪ್ರಿನ್ಸೆಸ್ ಕಟ್ ಕೇಳಿದವರಿಗೆ ಮಾತ್ರ ಕ್ಷಮೆಯಿಲ್ಲ. “ಸಂಗಮದಲ್ಲಿ ಅರ್ಕಾವತಿ ಹೋಗಿ ಕಾವೇರಿಗೆ ಸೇರುತ್ತಲ್ಲ, ಹಂಗೆ ಗೆರೆಯೆಲ್ಲ ಕಂಕುಳಿಗೆ ಹೋಗಿ ಸೇರ್ತವೆ. ಬೇಕಾ?” ಕನಕಪುರದವರಿಗೆ ಇದಕ್ಕಿಂತ ಚೆನ್ನಾಗಿ ಯಾರೂ ವಿವರಿಸಲಾರರು.

ಬಣ್ಣ ಬಿಡುವ ಚೆಕ್ಸ್ ತಂದು ಆಮೇಲೆ ಟೈಲರಿನ ಮೇಲೆ ರೇಗುವವರದೂ ಒಂದು ಪಂಗಡ. ಅವರಿಗೆ ಹೇಳಬೇಕಾದ ಕಥೆಯೊಂದಿದೆ. ಮುಂದೆ ಲೀಲಾ ಹೋಟೆಲುಗಳನ್ನು ಕಟ್ಟಿದ ಸಿ.ಪಿ. ಕೃಷ್ಣನ್ ನಾಯರ್ ಆಗ ಕೈಮಗ್ಗದ ಬಟ್ಟೆ ವ್ಯಾಪಾರಿ. 1958ರಲ್ಲಿ ಅವರ ಮದ್ರಾಸ್ ಚೆಕ್ಸ್ ಅಮೆರಿಕಕ್ಕೆ ಹೋಯಿತು. ತೊಳೆದರೆ ಬಣ್ಣ ಒಂದಕ್ಕೊಂದು ಹರಿಯುತ್ತಿತ್ತು. ಅಲ್ಲಿನವರು ಮೊದಲು ಕೂಗಾಡಿದರು. ಕೊನೆಗೆ ಆ ದೋಷವನ್ನೇ ಜಾಹೀರಾತಿನಲ್ಲಿ ಗುಣ ಮಾಡಿ, ‘ಬಣ್ಣ ಬಿಡುವುದು ಖಾತ್ರಿ’ ಎಂದು ಮಾರಿದರು. ಜನ ಮುಗಿಬಿದ್ದು ಕೊಂಡರು. ಈ ಕಥೆ ಅಕ್ಕನ ಗಿರಾಕಿಗಳ ಮುಂದೆ ನಡೆಯುವುದಿಲ್ಲ. ಚನ್ನಪಟ್ಟಣದ ಅಜ್ಜಿಯೊಬ್ಬರಿಗೆ ‘ಬಣ್ಣ ಬಿಡುವುದು ಖಾತ್ರಿ’ ಎಂದು ಹೇಳುವ ಎದೆಗಾರಿಕೆ ಇನ್ನೂ ಯಾವ ಜಾಹೀರಾತಿಗೂ ಹುಟ್ಟಿಲ್ಲ.

ಜೂನ್ ಬಂತೆಂದರೆ ಆಕೆಯ ಯುದ್ಧಕಾಲ. ರೇಷ್ಮೆಯ ಊರು, ಆದರೆ ಟೈಲರಕ್ಕನ ಅನ್ನ ಬರುವುದು ಪಾಲಿಯೆಸ್ಟರ್ ಮಿಶ್ರಿತ ಯೂನಿಫಾರ್ಮ್ ಚೆಕ್ಸಿನಿಂದ. ಪಿನೋಫಾರಂ (ನಿಘಂಟಿನವರು ಪಿನಾಫೋರ್ ಅನ್ನಲಿ, ಈ ನಾಲ್ಕು ತಾಲ್ಲೂಕಿನಲ್ಲಿ ಅದು ಪಿನೋಫಾರಂ), ಬಾಕ್ಸ್ ನೆರಿಗೆಯ ಸ್ಕರ್ಟು, ಚೆಕ್ಸ್ ಟಾಪಿನ ಚೂಡಿದಾರ. ಒಂದೊಂದು ಕಾನ್ವೆಂಟಿಗೆ ಒಂದೊಂದು ಚೆಕ್ಸು. ದೂರದಿಂದ ಗೆರೆ ನೋಡಿಯೇ ಮಗು ಯಾವ ಶಾಲೆಯದು, ಅಪ್ಪನಿಗೆ ಎಷ್ಟು ಫೀಸು ಬಿದ್ದಿದೆ ಎಂದು ಅಕ್ಕ ಹೇಳಬಲ್ಲಳು.

ಸ್ಕಾಟ್ಲೆಂಡಿನವರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಟಾರ್ಟನ್ ಎಂಬ ಅವರ ಉಣ್ಣೆಯ ಚೌಕುಳಿಯಲ್ಲಿ ಕುಲಕ್ಕೊಂದು ಮಾದರಿ ಎಂಬ ಮಾತು ಜಗತ್ತಿಗೆಲ್ಲ ಗೊತ್ತು. ಅದು ಅನಾದಿಯಿಂದ ಬಂದದ್ದು ಎಂದು ನಂಬಿದವರೇ ಹೆಚ್ಚು. ನಿಜದಲ್ಲಿ ಆ ಕುಲವಿಂಗಡಣೆ ಬಹುಪಾಲು 19ನೇ ಶತಮಾನದ ಬೆಳೆ. 1822ರಲ್ಲಿ ನಾಲ್ಕನೇ ಜಾರ್ಜ್ ದೊರೆ ಎಡಿನ್‌ಬರೋಗೆ ಬಂದಾಗ ಕಾದಂಬರಿಕಾರ ವಾಲ್ಟರ್ ಸ್ಕಾಟ್ ಎಲ್ಲರಿಗೂ ಟಾರ್ಟನ್ ಉಡಿಸಿ ನಿಲ್ಲಿಸಿದ. ‘ನಮ್ಮ ಕುಲದ್ದು ಯಾವುದು’ ಎಂದು ಗೌಡರೆಲ್ಲ ನೇಕಾರರ ಬಾಗಿಲಿಗೆ ಓಡಿದರು. 2009ರಿಂದ ಅಲ್ಲಿನ ಸರ್ಕಾರವೇ ಮಾದರಿಗಳ ದಫ್ತರು ಇಟ್ಟಿದೆ. ನಮ್ಮ ಕಾನ್ವೆಂಟುಗಳು ಆ ಮಟ್ಟಕ್ಕೆ ಹೋಗಿಲ್ಲ. ಮೂರು ವರ್ಷಕ್ಕೊಮ್ಮೆ ಗೆರೆಯ ಬಣ್ಣ ಬದಲಿಸಿ, ಅಕ್ಕನ ಪಿನೋಫಾರಂ ತಂಗಿಗೆ ಬಾರದಂತೆ ನೋಡಿಕೊಳ್ಳುವುದರಲ್ಲೇ ಅವರ ಕುಲಾಭಿಮಾನ ಮುಗಿಯುತ್ತದೆ.

ಚೌಕುಳಿ ನಮಗೇನೂ ಪರದೇಶಿ ಅಲ್ಲ. ಸವದತ್ತಿ ಎಲ್ಲಮ್ಮನಿಗೆ ಅರ್ಪಿಸುವ ಗಜೇಂದ್ರಗಡ ಕಡೆಯ ಪಟ್ಟೇದ ಅಂಚು ಸೀರೆಯ ಒಡಲೂ ಚೌಕುಳಿಯೇ. ಈಗ ಅಂಥ ಸೀರೆ ತಂದು ‘ಇದರಲ್ಲಿ ಕುರ್ತಿ ಹೊಲಿದುಕೊಡಿ’ ಅನ್ನುವ ಹುಡುಗಿಯರಿದ್ದಾರೆ. ಅಕ್ಕ ಕತ್ತರಿ ಹಿಡಿದು ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಾಳೆ. ಉಡುವ ಸೀರೆಗೆ ಕತ್ತರಿ ಹಾಕುವುದೆಂದರೆ ಆಕೆಗೆ ಈಗಲೂ ಕೈ ನಡುಗುತ್ತದೆ.

ನಿಜವಾದ ಟಾರ್ಟನ್ ಆಕೆಯ ಮೇಜಿಗೆ ಬಂದದ್ದು ಒಂದೇ ಸಲ. ಚನ್ನಪಟ್ಟಣದ ಹುಡುಗಿಯೊಬ್ಬಳ ಸೋದರಮಾವ ಗ್ಲಾಸ್ಗೋದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದ. ಊರಿಗೆ ಬರುವಾಗ ಸೊಸೆಗೆಂದು ಕಡುನೀಲಿ, ಹಸಿರು, ಕಪ್ಪು ಗೆರೆಗಳ ಬಟ್ಟೆ ತಂದ. ‘ಬ್ಲ್ಯಾಕ್ ವಾಚ್’ ಎಂಬ ಸೈನಿಕ ಟಾರ್ಟನ್ನು. ಅಜ್ಜಿ ಒಮ್ಮೆ ಮುಟ್ಟಿ ನೋಡಿ, “ಅಷ್ಟು ದೂರದಿಂದ ಕಂಬಳಿ ತಂದವ್ನೆ” ಎಂದು ತೀರ್ಪು ಕೊಟ್ಟರು. ತಾಯಿ, ಮಗಳು, ಮಾವ, ಅಜ್ಜಿ ಎಲ್ಲರೂ ಸೇರಿ ಬಟ್ಟೆಯನ್ನು ಮೆರವಣಿಗೆಯಲ್ಲಿ ಅಕ್ಕನ ಅಂಗಡಿಗೆ ತಂದರು.

ಅಕ್ಕ ಕನ್ನಡಕ ಏರಿಸಿ ಬಟ್ಟೆಯನ್ನು ಬೆಳಕಿಗೆ ಹಿಡಿದಳು. ಉಗುರಿನಿಂದ ಮೆಲ್ಲಗೆ ಕೆರೆದಳು. ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ. ಪ್ರತಿ ಸಾಲೂ ಒಂದೊಂದು ಎಳೆ ಪಕ್ಕಕ್ಕೆ ಸರಿದು, ಬಣ್ಣ ಬೆರೆಯುವ ಕಡೆಯೆಲ್ಲ ಸಣ್ಣ ಓರೆ ಗೀಟು. ಉದ್ದಕ್ಕೆ ಯಾವ ಕ್ರಮದಲ್ಲಿ ಗೆರೆಗಳಿವೆಯೋ ಅಡ್ಡಕ್ಕೂ ಅದೇ ಕ್ರಮ. “ಇದು ಯೂನಿಫಾರ್ಮ್ ಚೆಕ್ಸಲ್ಲ ಬುಡಿ, ನೇಯ್ದವನು ತಲೆ ಇಟ್ಕಂಡು ನೇಯ್ದವ್ನೆ” ಎಂದಳು. ಈಕೆಯ ಬಾಯಲ್ಲಿ ಇದು ರಾಜ್ಯೋತ್ಸವ ಪ್ರಶಸ್ತಿಗೆ ಸಮ.

ಮಾವನಿಗೆ ಹುರುಪು ಬಂತು. ಅಲ್ಲಿನ ಗಂಡಸರು ಇದರಲ್ಲಿ ಕಿಲ್ಟ್ ಎಂಬ ನೆರಿಗೆಲಂಗ ಉಡುವುದನ್ನೂ, ಒಂದು ಕಿಲ್ಟಿಗೆ ಎಂಟು ಗಜ ಬಟ್ಟೆ ಹಿಡಿಯುವುದನ್ನೂ ವಿವರಿಸಿದ. ಅಜ್ಜಿ ಬೆರಳು ಮಡಚಿದರು. “ಎಂಟು ಗಜ ಅಂದ್ರೆ ಹದಿನಾರು ಮೊಳ. ನಮ್ಮತ್ತೆ ಉಡ್ತಿದ್ದುದು ಹದಿನೆಂಟು ಮೊಳದ್ದು. ಎರಡು ಮೊಳಕ್ಕೆ ನಮ್ಮತ್ತೇನೇ ಗೆದ್ಲು ಕಣಪ್ಪ.” ಮಾವ ಬಿಡಲಿಲ್ಲ. ಸ್ಕಾಟ್ಲೆಂಡಿನ ದಂಗೆ ಅಡಗಿಸಿದ ಮೇಲೆ ಬ್ರಿಟಿಷ್ ಸಂಸತ್ತು 1746ರಲ್ಲಿ ಅಲ್ಲಿನ ಹೈಲ್ಯಾಂಡ್ ಎಂಬ ಗುಡ್ಡನಾಡಿನ ಗಂಡಸರೂ ಹುಡುಗರೂ ಈ ಉಡುಪು ತೊಡಬಾರದೆಂದು ಕಾನೂನು ತಂದಿತು, 1782ರಲ್ಲಿ ತೆಗೆಯಿತು. ಸೈನಿಕರಿಗೆ ಮಾತ್ರ ವಿನಾಯಿತಿ ಇತ್ತು ಎಂದ. “ಹೆಂಗಸರಿಗೆ?” ಅಂದಳು ಅಕ್ಕ. ಹೆಂಗಸರ ಮಾತು ಆ ಕಾನೂನಿನಲ್ಲಿ ಬರಲೇ ಇಲ್ಲವಂತೆ. “ಸದ್ಯ, ಅಲ್ಲೊಬ್ಳು ಟೈಲರ್ ಬದುಕ್ಕಂಡ್ಲು.”

ಹಾಗೆ ನೋಡಿದರೆ ಟಾರ್ಟನ್ನಿನ ನಾಡಿನವರು ಈ ಕಡೆ ಬಂದದ್ದು ಇದೇ ಮೊದಲೇನಲ್ಲ. 1791ರ ಡಿಸೆಂಬರಿನಲ್ಲಿ ಬ್ರಿಟಿಷ್ ಸೇನಾನಿ ಕಾರ್ನ್‌ವಾಲಿಸನ ಪಡೆ ಟಿಪ್ಪುವಿನ ವಶದಲ್ಲಿದ್ದ ಮಾಗಡಿಯ ಸಾವನದುರ್ಗಕ್ಕೆ ಲಗ್ಗೆಯಿಟ್ಟಾಗ ಬಂಡೆ ಹತ್ತಿದವರಲ್ಲಿ 72ನೇ ಹೈಲ್ಯಾಂಡ್ ರೆಜಿಮೆಂಟಿನವರೂ ಇದ್ದರು. ಮಾವ ಇದನ್ನೂ ಹೇಳುವವನಿದ್ದ. ಅಷ್ಟರಲ್ಲಿ ಅಕ್ಕ ಟೇಪು ಬಿಚ್ಚಿ ಹುಡುಗಿಯ ಸೊಂಟಕ್ಕೆ ಸುತ್ತಿಯಾಗಿತ್ತು.

ಹೊಲಿಯಬೇಕಾದದ್ದು ನೆರಿಗೆಯ ಸ್ಕರ್ಟು. ಸೊಂಟ 24. ಒತ್ತಾದ ನೆರಿಗೆಗೆ ಮೂರರಷ್ಟು ಸುತ್ತಳತೆ ಬೇಕು, ಅಂದರೆ 72 ಇಂಚು. ನೆರಿಗೆ ಹೇಗೆ ಎಂಬುದೇ ದೊಡ್ಡ ಪ್ರಶ್ನೆ. ಒಂದು ಕ್ರಮದಲ್ಲಿ, ನೆರಿಗೆ ಹಿಡಿದ ಮೇಲೂ ಬಟ್ಟೆ ಹರಡಿಟ್ಟಾಗ ಇದ್ದ ಚೌಕಗಳೇ ಹೊರಗೆ ಕಾಣಬೇಕು. ಇನ್ನೊಂದರಲ್ಲಿ, ಪ್ರತಿ ನೆರಿಗೆಯ ಮೇಲೂ ಒಂದೇ ಗೆರೆ ಸಾಲಾಗಿ ನಿಲ್ಲಬೇಕು. ನಿಂತಾಗ ಕಡುನೀಲಿ, ನಡೆದಾಗ ಒಳಗಿನ ಹಸಿರು ಮಿಂಚಬೇಕು. ಸ್ಕಾಟ್ಲೆಂಡಿನ ಸೈನಿಕರ ಕಿಲ್ಟು ಹೆಚ್ಚಾಗಿ ಎರಡನೆಯ ಬಗೆಯದು. ಅಕ್ಕನಿಗೆ ಅದನ್ನು ಯಾರೂ ಕಲಿಸಿರಲಿಲ್ಲ. ಇಪ್ಪತ್ತು ವರ್ಷ ಕಾನ್ವೆಂಟಿನ ಸ್ಕರ್ಟುಗಳಿಗೆ ನೆರಿಗೆ ಹಿಡಿದು ತಾನಾಗಿ ಕಂಡುಕೊಂಡಿದ್ದಳು. “ಗೆರೆ ಮೇಲೆ ನೆರಿಗೆ ಹಿಡೀತೀನಿ. ಮಗು ಓಡಾಡಿದ್ರೆ ಚಂದ ಕಾಣುತ್ತೆ” ಎಂದಳು. ಮಾವ ಬೆರಗಾಗಿ ಫೋನು ತೆಗೆದ. ಅಕ್ಕ, “ವಿಡಿಯೋ ಆಮೇಲೆ. ಬಟ್ಟೆ ಎಷ್ಟು ತಂದಿದೀರಾ?” ಎಂದಳು.

ಎರಡು ಮೀಟರ್.

ಮುಂದಿನದನ್ನು ಓದುಗರು ಊಹಿಸಬಹುದು. ಗ್ಲಾಸ್ಗೋಗೆ ಹೋಗಿ ಕಾಲು ಮೀಟರ್ ತರುವಂತಿರಲಿಲ್ಲವಾದ್ದರಿಂದ ಸೊಂಟದ ಪಟ್ಟಿಗೆ ಕಪ್ಪು ಬಟ್ಟೆ ಹಾಕುವುದೆಂದು ರಾಜಿಯಾಯಿತು. ಎರಡು ದಿನ ಕಚ್ಚಾ ಹೊಲಿಗೆ. ಒದ್ದೆ ಬಟ್ಟೆ ಮೇಲೆ ಹಾಸಿ, ಇಸ್ತ್ರಿ ಎಳೆಯದೆ ಒತ್ತಿ ಒತ್ತಿ ಎತ್ತಿದಳು. ಎಳೆದರೆ ಉಣ್ಣೆ ಹಿಗ್ಗಿ ಗೆರೆ ಓಡಿಹೋಗುತ್ತದೆ. ‘ನಾಳೆ ಬನ್ನಿ’ ಎಂದ ದಿನಕ್ಕೇ ಕೊಟ್ಟಳು. ಬೀದಿಯಲ್ಲಿ ಇದು ಸುದ್ದಿಯಾಯಿತು.

ಹುಡುಗಿ ತೊಟ್ಟು ನಿಂತಾಗ ಎಲ್ಲರೂ ಮುಂದಿನಿಂದ ನೋಡಿದರು. ಅಕ್ಕ, “ಹಿಂದೆ ತಿರುಗು ಪುಟ್ಟಿ” ಎಂದಳು. ಜಿಪ್ಪಿನ ಆಚೆ ಈಚೆ ಗೆರೆಗಳು ಕೈ ಕೈ ಹಿಡಿದು ನಿಂತಿದ್ದವು. ತಾಯಿ ಮಾತ್ರ ಎಲ್ಲ ಗಿರಾಕಿಗಳ ಸನಾತನ ಪ್ರಶ್ನೆ ಕೇಳಿಯೇಬಿಟ್ಟರು: “ಮಿಕ್ಕಿದ ಬಟ್ಟೆ ಎಲ್ಲಕ್ಕ?”

ಅಕ್ಕ ಡಬ್ಬಿಯಿಂದ ಗೇಣಗಲದ ತುಂಡೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅಲ್ಲಿಯವರೆಗೆ ಸುಮ್ಮನಿದ್ದ ಹುಡುಗಿ ಚೀಲದಿಂದ ತನ್ನ ಬೊಂಬೆ ತೆಗೆದಳು. ಹಾಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ, ಅವರ ಊರಿನದೇ ಬೊಂಬೆ. ಸೊಂಟವೆಂಬುದು ಇದ್ದೂ ಇಲ್ಲದ ಹಾಗೆ ದುಂಡಗಿತ್ತು.

“ಆಂಟಿ, ಇವ್ಳಿಗೂ ಒಂದು.”

“ಇವ್ಳಿಗೂ ಗೆರೆ ಕೂಡ್ಬೇಕಾ?”

“ಹೂಂ, ಕೂಡ್ಬೇಕು.”

ಅಕ್ಕ ಬೊಂಬೆಯ ಹೊಟ್ಟೆಗೆ ಟೇಪು ಸುತ್ತಿದಳು, ತುಂಡು ಬಟ್ಟೆಯ ಮೇಲೆ ಬೆರಳಿಟ್ಟು ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಅಳೆದಳು, ಮಾವನ ಕಡೆ ತಿರುಗಿದಳು.

“ಸಾಲಲ್ಲ ಕಣ್ರೀ.”