ಟಾರಿಯೆಲ್ ಲೋಪಸಂಧಿ: ಒಂದು ಶಾಸ್ತ್ರವಿಚಾರ

ಕಾದಂಬರಿ ಸಿನಿಮಾ ಆಗುವಾಗ ಪ್ರೇಯಸಿಗೆ ಮೂರು ಗತಿ: ಲೋಪ, ಆಗಮ, ಆದೇಶ. ಹೈಸ್ಕೂಲಿನಲ್ಲಿ ಬೆಂಚಿನ ಮೇಲೆ ನಿಂತು ಈ ಸಂಧಿಗಳನ್ನು ಒಪ್ಪಿಸಿದವರಿಗೆ ಪೀಟರ್ ಜಾಕ್ಸನ್‌ನ ಚಿತ್ರಗಳು ಸಲೀಸಾಗಿ ಅರ್ಥವಾಗುತ್ತವೆ.

ಮೊದಲು ಆದೇಶ. ಟೋಲ್ಕಿನ್‌ನ ‘ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಗಾಯಗೊಂಡ ನಾಯಕ ಫ್ರೊಡೊನನ್ನು ದಾರಿಯಲ್ಲಿ ಕಂಡು ತನ್ನ ಕುದುರೆ ಕೊಡುವವನು ಎಲ್ಫ್ ಗ್ಲೋರ್‌ಫಿಂಡೆಲ್. 2001ರ ಚಿತ್ರದಲ್ಲಿ ಅವನ ಜಾಗಕ್ಕೆ ಪ್ರೇಯಸಿ ಆರ್ವೆನ್ ಬಂದಳು. ಕ ತ ಪಗಳ ಜಾಗಕ್ಕೆ ಗ ದ ಬಗಳು ಬರುವಾಗ ಕ ತ ಪಗಳ ಒಪ್ಪಿಗೆ ಕೇಳುವ ಪದ್ಧತಿಯಿಲ್ಲ.

ಇನ್ನು ಆಗಮ. 1937ರ ‘ದಿ ಹಾಬಿಟ್’ನಲ್ಲಿ ಹೆಸರಿರುವ ಹೆಂಗಸು ಒಬ್ಬಳೇ, ನಾಯಕ ಬಿಲ್ಬೊನ ತಾಯಿ ಬೆಲ್ಲಡೋನಾ ಟೂಕ್, ಅವಳದೂ ಬರೀ ಪ್ರಸ್ತಾಪ. ಆ ಒಂದು ಪುಸ್ತಕ 2012ರಿಂದ 2014ರೊಳಗೆ ಮೂರು ಚಿತ್ರಗಳಾಯಿತು. ಎರಡನೆಯದರಲ್ಲಿ ಕುಬ್ಜ ಕಿಲಿಗೂ ಎಲ್ಫ್ ರಾಜಕುಮಾರ ಲೆಗೊಲಾಸ್‌ಗೂ ನಡುವೆ, ಎರಡು ಸ್ವರಗಳ ಮಧ್ಯೆ ಯಕಾರ ಕೂರುವಂತೆ, ಕಾವಲುಪಡೆಯ ನಾಯಕಿ ಟಾರಿಯೆಲ್ ಬಂದಳು. ಲೆಗೊಲಾಸನೂ ಆ ಪುಸ್ತಕದವನಲ್ಲವಾದ್ದರಿಂದ ಇದು ಆಗಮದ ಮೇಲಾಗಮ.

ಈಗ ಲೋಪ. ಅರ್ಥ ಕೆಡದಿದ್ದರೆ ಮಾತ್ರ ಸ್ವರ ಬಿಡಬಹುದೆಂಬುದು ನಿಯಮ. ಅದರಂತೆ ಪ್ರಣಯವನ್ನು ಬಿಟ್ಟು ನೋಡಿದರೆ, ಮೊದಲು ಬೀಳುವುದು ಕಿಲಿಯ ಕಾಲಿಗೆ ನಾಟಿದ ವಿಷದ ಬಾಣ. ಟಾರಿಯೆಲ್ ಬಂದು ಸೊಪ್ಪಿನ ಮದ್ದು ಹಾಕಲೆಂದೇ ನಾಟಿದ ಬಾಣವದು. ಗಾಯವಿಲ್ಲದಿದ್ದರೆ ಅವನೂ ಅವನಿಗಾಗಿ ಸರೋವರದೂರಿನಲ್ಲಿ ಉಳಿದ ಮೂವರೂ ಪುಸ್ತಕದಲ್ಲಿದ್ದಂತೆ ತಂಡದ ಉಳಿದವರ ಜೊತೆಯಲ್ಲೇ ನಿಧಿಯ ಬೆಟ್ಟಕ್ಕೆ ಹೊರಡುತ್ತಾರೆ. ಟಾರಿಯೆಲ್ ಹೋಗದಿದ್ದರೆ ಲೆಗೊಲಾಸ್‌ಗೂ ಅತ್ತ ಹೋಗಲು ನೆಪವಿಲ್ಲ. ಅವನು ಕೊಂದ ಶತ್ರುನಾಯಕ ಬೋಲ್ಗ್‌ನನ್ನು ಮೂಲದಲ್ಲಿ ಕೊಂದ ಕರಡಿರೂಪಿ ಬಿಯೋರ್ನ್‌ಗೆ ಕೆಲಸ ವಾಪಸು ಸಿಗುತ್ತದೆ.

ಎಲ್ಲಕ್ಕಿಂತ ದೊಡ್ಡ ಲಾಭ ಸೋದರಮಾವನಿಗೆ. ಪುಸ್ತಕದಲ್ಲಿ ಕಿಲಿಯೂ ಅಣ್ಣ ಫಿಲಿಯೂ ಸಾಯುವುದು ತಾಯಿಯ ಅಣ್ಣ ಥೋರಿನ್‌ಗೆ ಗುರಾಣಿಯನ್ನೂ ಮೈಯನ್ನೂ ಅಡ್ಡ ಕೊಟ್ಟು. ಚಿತ್ರದಲ್ಲಿ ಕಿಲಿ ಪ್ರೇಯಸಿಯ ಕಣ್ಣೆದುರು ಸಾಯುತ್ತಾನೆ; ಮಾವ ಬೇರೆಲ್ಲೋ ಇದ್ದಾನೆ. ಪ್ರಣಯ ಹೋದರೆ ಅಳಿಯ ಮರಳುತ್ತಾನೆ.

ಪ್ರಯೋಗವೂ ನಡೆದಿದೆ. 2015ರಲ್ಲಿ ಹೆಸರು ಹೇಳದ ಅಭಿಮಾನಿಯೊಬ್ಬ ಮೂರೂ ಚಿತ್ರಗಳನ್ನು ಸುಮಾರು ನಾಲ್ಕು ಗಂಟೆಗೆ ಇಳಿಸಿದ. ಪ್ರಣಯ ಹೋಯಿತು, ಕಥೆ ಕೆಡಲಿಲ್ಲ. ಆದರೆ ಟಾರಿಯೆಲ್ಲೇ ಪಾತ್ರವಾಗಿ ಉಳಿಯಲಿಲ್ಲ. ಕತ್ತರಿ ಇಟ್ಟದ್ದು ಪ್ರೇಮಕ್ಕೆ, ತುಂಡಾದದ್ದು ಜೇಡಗಳನ್ನು ಕೊಲ್ಲುತ್ತಿದ್ದ ನಾಯಕಿ. ಇದನ್ನು ಅತಿಲೋಪ ದೋಷವೆಂದು ಕರೆಯುವುದು ಯುಕ್ತ.

ಸಿದ್ಧಾಂತವೇನೆಂದರೆ, ಇಲ್ಲಿ ಬೇಕಾದದ್ದು ಪ್ರಕೃತಿಭಾವ. ‘ಅಕ್ಕಾ, ಇತ್ತ ಬಾ’ ಎಂಬಲ್ಲಿ ಎರಡು ಸ್ವರಗಳು ಎದುರುಬದುರಾದರೂ ಸಂಧಿಯಾಗದೆ ನಿಲ್ಲುವಂತೆ ಟಾರಿಯೆಲ್ ಕಾವಲುಗಾರ್ತಿಯಾಗಿಯೂ ಕಿಲಿ ಅಳಿಯನಾಗಿಯೂ ನಿಲ್ಲಬಹುದಿತ್ತು. ಈ ಸೂತ್ರವನ್ನು ಮೊದಲು ಮಂಡಿಸಿದವಳು ಟಾರಿಯೆಲ್ ಪಾತ್ರಧಾರಿ ಇವಾಂಜೆಲಿನ್ ಲಿಲ್ಲಿ. ತ್ರಿಕೋನ ಪ್ರೇಮ ಇರಬಾರದೆಂಬ ಷರತ್ತಿನ ಮೇಲೆಯೇ ಪಾತ್ರ ಒಪ್ಪಿದ್ದಾಗಿ ಅವಳೇ ಹೇಳಿಕೊಂಡಿದ್ದಾಳೆ. ಷರತ್ತು ಮೊದಲ ಚಿತ್ರೀಕರಣ ಮುಗಿಯುವವರೆಗೆ ಬಾಳಿತು. 2012ರ ಮರುಚಿತ್ರೀಕರಣಕ್ಕೆ ಕರೆ ಬಂದಾಗ ಯಕಾರ ಸಿದ್ಧವಾಗಿ ಕೂತಿತ್ತು.