ಯಾರ ಐದು ನಿಮಿಷ?

2003ರಲ್ಲಿ ಹುಟ್ಟಿದ, ಜಾಲತಾಣ ಕಟ್ಟುವ ತಂತ್ರಾಂಶ ವರ್ಡ್‌ಪ್ರೆಸ್‌ಗೆ ‘ಐದೇ ನಿಮಿಷದ ಇನ್‌ಸ್ಟಾಲ್’ ಅಂತ ಹೆಸರು. ಯಾರ ಐದು ನಿಮಿಷ ಅನ್ನೋದನ್ನು ಮಾತ್ರ ಕೇಳಬಾರದು. ಹೋಸ್ಟಿಂಗ್ ಖಾತೆಯ ಸಿ-ಪ್ಯಾನೆಲ್ ತೆರೆದರೆ ಕಣ್ಣು ಕತ್ತಲೆ ಬರುವಷ್ಟು ಐಕಾನ್‌ಗಳು. ಅಲ್ಲೊಂದು ಡೇಟಾಬೇಸ್ ಮಾಡಬೇಕು, ಜೊತೆಗೊಬ್ಬ ಯೂಸರ್, ಅವನಿಗೊಂದು ಪಾಸ್‌ವರ್ಡ್. ಆಮೇಲೆ ಇಬ್ಬರಿಗೂ ಬ್ರಹ್ಮಗಂಟು ಹಾಕಿಸಬೇಕು. ಹಾಕಿಸದಿದ್ದರೆ ಡೇಟಾಬೇಸ್ ಸಂಪರ್ಕವೇ ಸಿಗುತ್ತಿಲ್ಲ ಎಂಬ ಒಂದೇ ಸಾಲು, ಬೋಳು ಪರದೆಯ ಮೇಲೆ. ಡೇಟಾಬೇಸ್ ಹೆಸರಿನ ಹಿಂದೆ ಖಾತೆಯ ಹೆಸರು, ಒಂದು ಅಂಡರ್‌ಸ್ಕೋರ್ ಅಂಟಿಕೊಂಡಿರುತ್ತವಲ್ಲ, ವರ್ಡ್‌ಪ್ರೆಸ್‌ಗೆ ಹೆಸರು ಕೊಡುವಾಗ ಆ ಇನಿಷಿಯಲ್ ಬಿಟ್ಟರೂ ಅದೇ ಸಾಲು. ಇದೆಲ್ಲ ಯಾರಿಗೆ ಬೇಕು ಅನ್ನುವವರಿಗೆ ಎಲ್ಲವನ್ನೂ ತಾನೇ ಮಾಡಿಕೊಡುವ ಸಾಫ್ಟಾಕ್ಯುಲಸ್ ಎಂಬ ಇನ್‌ಸ್ಟಾಲರ್ ಇದೆ, ಗುಂಡಿ ಒತ್ತಿದರಾಯಿತು. ಅಂತೂ ಒಳಹೊಕ್ಕು ನೋಡಿದರೆ, ನೀವು ಒಂದಕ್ಷರ ಬರೆಯುವ ಮೊದಲೇ ‘ಹಲೋ ವರ್ಲ್ಡ್’ ಎಂಬ ಲೇಖನ ಪ್ರಕಟವಾಗಿ, ಅದಕ್ಕೊಂದು ಕಾಮೆಂಟೂ ಬಂದು ಕೂತಿರುತ್ತದೆ!