ತಾಳಿಕೋಟೆಯಲ್ಲಿ ಕಂಸವಧೆ

ತಾಳಿಕೋಟೆಯ ಅಡತಿ ಅಂಗಡಿಯೊಂದರಲ್ಲಿ ದಿವಾನಜಿ ನಾನು. ತೊಗರಿ ಸುಗ್ಗಿಯಲ್ಲಿ ಚೀಲ ತಕ್ಕಡಿಯಿಂದ ಇಳಿಯುವುದರೊಳಗೆ ನನ್ನ ಬಾಯಿಂದ ರೊಕ್ಕದ ಅಂಕಿ ಇಳಿದಿರುತ್ತದೆ. ಈ ಬಾಯಿಲೆಕ್ಕದ ಸೊಕ್ಕಿನಲ್ಲೇ, ಏಳನೇ ಇಯತ್ತೆಯ ಮಗಳು "ಅಪ್ಪಾ, ಸರಳ ಸಮೀಕರಣ ತಿಳೀವಲ್ದು" ಎಂದಾಗ ಚಹಾದ ಬಶಿ ಕೆಳಗಿಟ್ಟು ನೆಟ್ಟಗೆ ಕೂತೆ. ಪಾಠಕ್ಕೆ 'ಸರಳ' ಎಂದು ಹೆಸರಿಟ್ಟವರನ್ನು ನಂಬಿದ್ದು ಮೊದಲ ತಪ್ಪು.

"ಬೀಜಗಣಿತ ನಮ್ಮ ನೆಲದ ಬೆಳಿ" ಎಂದು ಪೀಠಿಕೆ ಹಾಕಿದೆ. ಭಾಸ್ಕರಾಚಾರ್ಯರ ಊರು ನಮ್ಮ ವಿಜಯಪುರವೇ ಎಂದು ಇಲ್ಲಿಯವರು, ಅಲ್ಲ ಪಾಟಣದ ಕಡೆ ಎಂದು ಮಹಾರಾಷ್ಟ್ರದವರು ಇನ್ನೂ ಹಗ್ಗ ಜಗ್ಗುತ್ತಿದ್ದಾರೆ. ಆತ ಗೊತ್ತಿಲ್ಲದ ಸಂಖ್ಯೆಗೆ 'ಯಾವತ್ತಾವತ್' ಎನ್ನುತ್ತಿದ್ದ, ಚಿಕ್ಕದಾಗಿ 'ಯಾ'. ಇನ್ನೂ ಬೇಕಾದರೆ ಕಪ್ಪು, ನೀಲಿ, ಹಳದಿ ಎಂದು ಬಣ್ಣದ ಹೆಸರು.

"ಆತಪ್ಪಾ. ಲೆಕ್ಕ ಬಿಡಸು."

ಲೆಕ್ಕ: 3(ಎಕ್ಸ್ − 1) = 2ಎಕ್ಸ್ + 7. ಪೆನ್ನು ಮುಟ್ಟಲಿಲ್ಲ. ಕಣ್ಣು ಮುಚ್ಚಿ ಕಂಸ ಬಿಡಿಸಿ (ಆವರಣ ಎನ್ನಬೇಕಂತೆ ಈಗ) "ಎಂಟು" ಎಂದೆ.

"ಬರದು ತೋರ್ಸು. ಒಂದು ಸಾಲಿಗೆ ಒಂದ ಕೆಲಸ ಅಂತಾರ ನಮ್ಮ ಟೀಚರ್. ಸಮ ಚಿಹ್ನೆ ಒಂದರ ಕೆಳಗೊಂದು. ಕಡೀಕ ತಾಳೆ ನೋಡಬೇಕು."

ಎಂಟು ಹಾಕಿ ತಾಳೆ ನೋಡಿದಳು. ಎಡಕ್ಕೆ 21, ಬಲಕ್ಕೆ 23. ಪುಸ್ತಕದಲ್ಲೇ ತಪ್ಪು ಅಚ್ಚಾಗಿದೆ ಎಂದೆ. ಮಗಳು ಏನೂ ಅನ್ನದೆ ಹಿಂದಿನ ಪುಟದ ಉತ್ತರ ತೋರಿಸಿದಳು: ಹತ್ತು.

ಎರಡನೆಯ ಸಲ ಪೆನ್ನು ಹಿಡಿದೆ. ಗಡಿಬಿಡಿಯಲ್ಲಿ 2ಎಕ್ಸನ್ನು ಎತ್ತಿ ಹಾಗೆಯೇ ಎಡಕ್ಕೆ ಇಟ್ಟೆ. ಎಕ್ಸ್ ಎಂಬುದು ಒಂದೂ ಮುಕ್ಕಾಲಿಗಿಂತ ತುಸು ಕಡಿಮೆಯಾಗಿ ಹೊರಬಿತ್ತು. "ಪಕ್ಷಾಂತರ ಮಾಡಿದ್ರ ಚಿಹ್ನೆ ಬದಲಾಗ್ತೈತಪ್ಪಾ." ಎಲೆಕ್ಷನ್ ಹೊತ್ತಿನಲ್ಲಿ ಊರಿಗೆಲ್ಲ ನಾನೇ ಹೇಳುವ ಮಾತು ಅದು! "ಖರೇ ಅಂದ್ರ ಯಾವುದೂ ದಾಟಿ ಹೋಗೂದಿಲ್ಲ," ಎಂದಳು, "ತಕ್ಕಡಿಯ ಎರಡೂ ಕಡಿಂದ 2ಎಕ್ಸ್ ತಗೀತೀವಿ, ಅಷ್ಟ." ತಕ್ಕಡಿಯ ಬಗ್ಗೆ ನನಗೆ ಪಾಠ.

ಮಾನ ಉಳಿಸಿಕೊಳ್ಳಲು ಇತಿಹಾಸಕ್ಕೆ ಓಡಿದೆ. ಈ ಸಮ ಚಿಹ್ನೆಯನ್ನು ವೇಲ್ಸಿನ ರಾಬರ್ಟ್ ರೆಕಾರ್ಡ್ ಎಂಬ ವೈದ್ಯ ತನ್ನ ಪುಸ್ತಕದಲ್ಲಿ ಮೊದಲು ಹಾಕಿದ್ದು 1557ರಲ್ಲಿ. ಎಂಟೇ ವರ್ಷಕ್ಕೆ, 1565ರಲ್ಲಿ, ನಮ್ಮ ತಾಳಿಕೋಟೆಯಲ್ಲಿ ಯುದ್ಧ...

"ಯುದ್ಧ ಇಲ್ಲಿ ಆಗಿಲ್ಲ. ಕೃಷ್ಣಾ ದಂಡಿ ಮ್ಯಾಲ, ರಕ್ಕಸಗಿ–ತಂಗಡಗಿ ಹತ್ರ."

ಹೆಸರು ಒಬ್ಬರದು, ಪೆಟ್ಟು ಇನ್ನೊಬ್ಬರಿಗೆ. ನಮ್ಮ ಮನೆಯ ಹೋಂವರ್ಕೂ ಅದೇ ಜಾತಿಯದು.

ಅಷ್ಟರಲ್ಲಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ, ಕೈ ನಿಲ್ಲಿಸದೆ ಕೇಳಿದಳು: "ರೀ, ಮೂರು ಚೀಲ ತೂಗಿದ್ರ ಖಾಲಿ ಚೀಲದ ತೂಕ ಎಷ್ಟು ಸಲ ಕಳೀತೀರಿ?"

"ಮೂರು ಸಲ. ಅದೇನು ಕೇಳೂ ಮಾತಾ?"

"ಚೀಲಕ್ಕೊಂದು ಕಿಲೋ ಹಿಡೀರಿ. ಮತ್ತ ಆ ಕಂಸದಾಗ ಒಂದ ಚೀಲದ್ದು ಯಾಕ ಕಳದೀರಿ?"

ರೊಟ್ಟಿಯ ಸಪ್ಪಳವೂ ನಿಂತಿತು. ಮೂರು ಚೀಲ, ಚೀಲಕ್ಕೆ ಎಕ್ಸ್ ಕಿಲೋ. ಕಳೆಯಬೇಕಾದದ್ದು ಒಂದಲ್ಲ, ಮೂರು. 21ಕ್ಕೂ 23ಕ್ಕೂ ನಡುವೆ ತಪ್ಪಿಸಿಕೊಂಡಿದ್ದ ಎರಡು ಕಿಲೋ ಬೇರೇನೂ ಅಲ್ಲ, ನಾನು ಕಳೆಯಲು ಮರೆತ ಎರಡು ಖಾಲಿ ಚೀಲ. ಮಗಳು 3ಎಕ್ಸ್ − 3 ಬರೆದು, ಸಾಲಿನ ಕೆಳಗೆ ಸಾಲು ಇಳಿದು, ಹತ್ತಕ್ಕೆ ಬಂದು, ತಾಳೆ ನೋಡಿದಳು. ಎರಡೂ ಕಡೆ 27.

"ಇದಕ್ಕ ಇರಬೇಕು ಮಾಲಕರು ಪಗಾರ ಹೆಚ್ಚಿಗಿ ಮಾಡವಲ್ರು" ಎಂದು ಹೆಂಡತಿ ರೊಟ್ಟಿ ತಿರುವಿ ಹಾಕಿದಳು.

ಮರುದಿನ ಅಂಗಡಿಯಲ್ಲಿ ಪಟ್ಟಿ ಬರೆಯುವಾಗ ಬಾಯಿಲೆಕ್ಕ ಬಿಟ್ಟೆ. ಒಂದು ಸಾಲಿಗೆ ಒಂದೇ ಕೆಲಸ. ಸಮ ಚಿಹ್ನೆಯ ಕೆಳಗೆ ಸಮ ಚಿಹ್ನೆ. ಕೊನೆಗೆ ತಾಳೆ, ಅದೂ ಎರಡು ಸಲ. ಚೀಟಿಗಾಗಿ ಕಾದು ನಿಂತಿದ್ದ ರೈತ ಕಾಲು ಬದಲಿಸಿ, ಬಗ್ಗಿ, ನನ್ನ ಮುಖವನ್ನೇ ನೋಡಿದ.

"ದಿವಾನಜಿ, ಚಸ್ಮಾ ಮರತು ಬಂದೀರೇನ್ರಿ?"